ಬರುವ ವರ್ಷದ ಕಣ್ಣುಗಳು

ಹದಿನಾಲ್ಕನೇ ತಾರೀಖು, ಗುರುವಾರ
ಬೆಳಗ್ಗೆ ಹತ್ತು ಗಂಟೆ, ಮೋಡ

ಪ್ರೀತಿಯ ಪಿಟೀಲು,

ಇಪ್ಪತ್ತಾರು ವರ್ಷದವಳನ್ನು ಇನ್ನೂ ಹೀಗೆ ಕರೆಯುವುದು ಚೆನ್ನಾಗಿರುವುದಿಲ್ಲ ಎಂದು ಹೋದ ಕಾಗದದಲ್ಲಿ ತಕರಾರು ಎತ್ತಿದ್ದೀ. ಹುಟ್ಟಿದ ಮೊದಲ ಮೂರು ತಿಂಗಳು ಹೊತ್ತುಗೊತ್ತಿಲ್ಲದೆ ರಾಗ ಎಳೆದು ಇಡೀ ಓಣಿಯನ್ನು ಎಬ್ಬಿಸಿದವಳು ನೀನು. ಆ ಹೆಸರು ನೀನೇ ದುಡಿದು ಸಂಪಾದಿಸಿದ್ದು, ನಾನು ಕೊಟ್ಟದ್ದಲ್ಲ. ಹಡಗಿನಲ್ಲಿ ಬೇಕಾದರೆ ಮೇಡಂ ಎಂದು ಕರೆಸಿಕೋ. ನನ್ನ ಕಾಗದದಲ್ಲಿ ಮಾತ್ರ ನೀನು ಪಿಟೀಲೇ.

ಹಡಗು ಎಂದೆನಲ್ಲ, ನೇರವಾಗಿ ಅಲ್ಲಿಗೇ ಬರುತ್ತೇನೆ. ನೀನು ಕೇಳಿದ್ದು ಒಂದೇ ಮಾತು: "ಅಮ್ಮ, ಆಸ್ಪತ್ರೆ ನೌಕರಿ ಬಿಟ್ಟು ಕಂಟ್ರಾಕ್ಟಿಗೆ ಬಂದಿದ್ದೀಯ. ಬರೋ ವರ್ಷ ಎಷ್ಟು ದುಡೀತೀಯ, ಎಷ್ಟು ತೆರಿಗೆ ಕಟ್ಬೇಕು, ಕಟ್ಟಿ ಉಳಿದಿದ್ರಲ್ಲಿ ಮನೆ ನಡಿಯತ್ತಾ, ಅಂದಾಜು ಹಾಕಿ ಕಳ್ಸು. ಸಾಲತ್ತೆ ಅಂದ್ರೆ ಹಡಗು ಹತ್ತೀನಿ. ಸಾಲಲ್ಲ ಅಂದ್ರೆ ಇಲ್ಲೇ ಕೆಲಸ ನೋಡ್ಕೋತೀನಿ." ಸಮುದ್ರದ ತಳ ಅಳೆಯುವ ಹಡಗು, ಎರಡು ವರ್ಷದ ಪ್ರಯಾಣ. ಮೂವತ್ತರೊಳಗೆ ನೀನು ಉತ್ತರ ಕೊಡಬೇಕು, ಬರುವ ತಿಂಗಳು ಐದಕ್ಕೆ ಹಡಗು ಹೊರಡುತ್ತದೆ. ಬಚ್ಚಲಮನೆಯ ಬಕೆಟ್ಟಿಗೆ ಗುಂಡಿ ಕಟ್ಟಿದ ದಾರ ಇಳಿಬಿಟ್ಟು "ಅಮ್ಮ, ಇಲ್ಲಿ ಹದಿಮೂರು ಬೆರಳು ಆಳ" ಎಂದು ಕೂಗಿ ಹೇಳುತ್ತಿದ್ದವಳು ನೀನು. ಆ ಹಡಗು ನಿನ್ನ ಪಾಲಿಗೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂದಾಜಿನ ಹಾಳೆಯನ್ನು ಈ ಕಾಗದದ ಹಿಂದೆಯೇ ಮಡಚಿಟ್ಟಿದ್ದೇನೆ. ಮೊದಲು ಕಾಗದ ಓದು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಫೋನಿನಲ್ಲಿ ನೀನು ನನ್ನ ದನಿಯನ್ನು ಹಿಡಿದುಬಿಡುತ್ತೀ. ಅಲ್ಲದೆ ಇವತ್ತು ಮೋಡ. ಮೋಡದ ದಿನ ನನಗೆ ಕೆಲಸವಿಲ್ಲ.

ಆಸ್ಪತ್ರೆಯವರು ವರ್ಕ್‌ಶಾಪು ಮುಚ್ಚಿದ ಮೇಲೆ ನಾನು ಹಿಡಿದ ಬಾಡಿಗೆ ಕೋಣೆಯನ್ನು ನೀನು ಇನ್ನೂ ನೋಡಿಲ್ಲ. ಎರಡನೇ ಮಹಡಿ. ನೆಲದ ಅಂತಸ್ತಿನಲ್ಲಿ ಬೀಗ ರಿಪೇರಿಯವನ ಅಂಗಡಿ, ಎದುರಿಗೆ ಬಸ್ಸುಗಳು ತಿರುಗುವ ಮೂಲೆ. ಕೋಣೆಯಲ್ಲಿ ಹೇಳಿಕೊಳ್ಳುವಂಥದ್ದು ಉತ್ತರದ ಕಡೆಯ ಕಿಟಕಿ ಒಂದೇ. ಅಲ್ಲಿಂದ ಬಿಸಿಲು ಬರುವುದಿಲ್ಲ, ಬೆಳಕು ಮಾತ್ರ ಬರುತ್ತದೆ, ಅದೂ ಬಂದದ್ದು ಗೊತ್ತಾಗದ ಹಾಗೆ. ಬಾಡಿಗೆ ತಿಂಗಳಿಗೆ ಆರು ಸಾವಿರ. ಅದರಲ್ಲಿ ಐದೂವರೆ ಸಾವಿರ ಆ ಕಿಟಕಿಗೇ ಕೊಡುತ್ತಿದ್ದೇನೆ ಎಂದುಕೊಂಡಿದ್ದೇನೆ. ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯ ಎದುರು ನನ್ನ ಸ್ಟೂಲು, ಬಣ್ಣದ ಪುಟ್ಟ ಬಟ್ಟಲುಗಳು, ಬಿಳಿಯ ಮೇಲೆ ರಕ್ತನಾಳದಂತೆ ಕೂರಿಸುವ ಕೆಂಪು ರೇಷ್ಮೆಯ ಎಳೆಗಳು. ಒಂದು ಕಣ್ಣು ಕಳೆದುಕೊಂಡವರು ಬಂದು ಆ ಕುರ್ಚಿಯಲ್ಲಿ ಮೂರು ಗಂಟೆ ಕೂರುತ್ತಾರೆ. ಉಳಿದಿರುವ ಕಣ್ಣನ್ನು ನೋಡಿ ನೋಡಿ ಹೋದದ್ದರ ಜಾಗಕ್ಕೆ ಜೋಡಿಯ ಕೃತಕ ಕಣ್ಣು ಬರೆಯುವುದು ನನ್ನ ಕೆಲಸ.

ಈ ಕೆಲಸದಲ್ಲಿ ಒಂದು ಗಳಿಗೆ ಇದೆ, ಅದನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಬಂದವರು ಮೊದಲ ಅರ್ಧ ಗಂಟೆ ಮಾತಾಡುತ್ತಾರೆ. ಹೇಗೆ ಆಯಿತು, ಯಾರ ತಪ್ಪು, ಮನೆಯವರು ಏನೆಂದರು. ಆಮೇಲೆ ಮಾತು ತಾನಾಗಿ ನಿಲ್ಲುತ್ತದೆ. ಒಂದು ಗೇಣು ದೂರದಲ್ಲಿ ಇನ್ನೊಬ್ಬರ ಕಣ್ಣು, ಅದರಲ್ಲಿ ನಾನು ಕಾಣದ ಹಾಗೆ ಸ್ವಲ್ಪ ಓರೆಯಾಗಿ ಕೂತ ನಾನು. ಕಂದು ಎಂದು ಜಗತ್ತು ಕರೆಯುವ ಕಣ್ಣಿನೊಳಗೆ ಹಸಿರು ಎಳೆ ಇರುತ್ತದೆ, ಜೇನಿನ ಉಂಗುರ ಇರುತ್ತದೆ, ಲೋಟದ ತಳದಲ್ಲಿ ಉಳಿದ ಚಹಾಪುಡಿಯಷ್ಟು ಕಪ್ಪು ಇರುತ್ತದೆ. ನೋಡುತ್ತ ಹೋದರೆ ಬಸ್ಸಿನ ಸದ್ದು ದೂರವಾಗುತ್ತದೆ, ಕೋಣೆ ನೆಲ ಬಿಟ್ಟ ಹಾಗಾಗುತ್ತದೆ. ಎಷ್ಟೋ ಸಲ ಎದುರಿಗಿದ್ದವರು ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದಾರೆ. ನೀನು ಸಮುದ್ರದ ತಳ ನೋಡಲು ಅಷ್ಟು ದೂರ ಹೊರಟಿದ್ದೀ, ನಾನು ಸ್ಟೂಲಿನಿಂದ ಏಳದೆ ಅದನ್ನೇ ಮಾಡುತ್ತೇನೆ ಎಂದು ಒಂದೊಂದು ಸಲ ಜಂಬ ಬರುತ್ತದೆ.

ಇನ್ನು ತೆರಿಗೆಯ ವಿಷಯ. ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ವರ್ಷ ಅದು ನನಗೆ ಪಕ್ಕದ ಮನೆಯ ಬೆಕ್ಕಿನ ಹಾಗಿತ್ತು. ಇದೆ ಎಂದು ಗೊತ್ತು, ಸಾಕುವ ಚಿಂತೆ ನನ್ನದಲ್ಲ. ಸಂಬಳ ಕೈಗೆ ಬರುವ ಮೊದಲೇ ಅವರ ಪಾಲು ಅವರು ಹಿಡಿದುಕೊಂಡಿರುತ್ತಿದ್ದರು. ವರ್ಷಕ್ಕೊಮ್ಮೆ ತುಂಬುವ ಫಾರಂ ಏನಿತ್ತೋ ಅದನ್ನು ನಿನ್ನಪ್ಪ ತುಂಬುತ್ತಿದ್ದರು, ಅವರು ಹೋದ ಮೇಲೆ ಆಸ್ಪತ್ರೆಯ ಗುಮಾಸ್ತೆ ತುಂಬುತ್ತಿದ್ದಳು. ನಾನು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆ.

ಕಂಟ್ರಾಕ್ಟಿನ ಮೊದಲ ತಿಂಗಳು ನಾಲ್ಕು ಕಣ್ಣು ಮಾಡಿದೆ. ತಲಾ ಹನ್ನೆರಡು ಸಾವಿರದಂತೆ ನಲವತ್ತೆಂಟು ಸಾವಿರದ ಚೆಕ್ಕು ಬಂತು, ಒಂದು ಕಾಸೂ ಕಮ್ಮಿಯಿಲ್ಲದೆ. ಏನೋ ತಪ್ಪಾಗಿದೆ ಎಂದು ಚೆಕ್ಕು ಹಿಡಿದು ಆಸ್ಪತ್ರೆಗೆ ಓಡಿದೆ. "ತೆರಿಗೆ ಹಿಡಿಯೋದು ಮರ್ತಿದ್ದೀರಿ" ಎಂದು ಕ್ಯಾಶಿಯರಿಗೆ ಹೇಳಿದೆ. ಅವನು ಗಾಜಿನ ಹಿಂದಿನಿಂದ ನನ್ನನ್ನು ಪಾಪ ಎನ್ನುವಂತೆ ನೋಡಿ, "ಅಕ್ಕಾ, ಇನ್ಮೇಲೆ ನಿಮ್ದು ನೀವೇ ಹಿಡ್ಕೋಬೇಕು" ಎಂದ. "ನಾನೇ ಹಿಡ್ದು ಎಲ್ಲಿ ಇಟ್ಕೊಳ್ಲಪ್ಪಾ?" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ನಾನು ಪೆಚ್ಚಾಗಿ ವಾಪಸು ಬಂದೆ. ಆ ಚೆಕ್ಕಿನಲ್ಲೇ ನಿನಗೆ ಉಣ್ಣೆಯ ಕೋಟು ಕಳಿಸಿದ್ದು. ಅದರಲ್ಲಿ ಒಂದು ಪಾಲು ಸರ್ಕಾರದ್ದು ಎಂದು ಆಮೇಲೆ ತಿಳಿಯಿತು. ಒಂದು ತೋಳು ನಮ್ಮದಲ್ಲ ಎಂದುಕೊಂಡು ತೊಟ್ಟುಕೋ.

ಕೋಣೆಯ ಕೆಳಗಿನ ಮನೆಯಲ್ಲಿ ಒಬ್ಬರಿದ್ದಾರೆ. ತೆರಿಗೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿ ನಿವೃತ್ತರಾದವರು. ಓಣಿಯ ಮಕ್ಕಳು ತೆರಿಗೆ ಮಾಮ ಎನ್ನುತ್ತಾರೆ, ಈಗ ನಾನೂ ಹಾಗೇ ಕರೆಯುತ್ತೇನೆ. ಫೀಸು ಕೇಳಲಿಲ್ಲ, ದಿನಕ್ಕೊಂದು ಲೋಟ ಚಹಾ ಮೇಲಿನಿಂದ ಇಳಿದು ಬಂದರೆ ಸಾಕು ಎಂದರು. ಏನು ಹೇಳಿದರೂ ಮೊದಲು ಪೆನ್ಸಿಲ್ ಚೂಪು ಮಾಡಿಕೊಂಡೇ ಕೇಳುವುದು ಅವರ ಪದ್ಧತಿ. "ಅಂದಾಜಿಗೆ ಪೆನ್ನು ಮುಟ್ಬಾರ್ದು ಕಣಮ್ಮ. ಪೆನ್ನು ಆದದ್ದಕ್ಕೆ, ಪೆನ್ಸಿಲ್ ಆಗೋದಕ್ಕೆ."

ಅವರು ವಿವರಿಸಿದ್ದು ಇಷ್ಟು. ಹೊಸ ತೆರಿಗೆ ವರ್ಷ ಬರುವ ಒಂದನೇ ತಾರೀಖಿಗೆ ಶುರು. ಸಂಬಳದವರಿಗೆ ದುಡಿದ ಮೇಲೆ ತೆರಿಗೆ. ನನ್ನಂಥವರು ವರ್ಷ ಶುರುವಾಗುವಾಗಲೇ ಇಡೀ ವರ್ಷದ ದುಡಿಮೆಯನ್ನು ಊಹಿಸಬೇಕು, ಅದರಲ್ಲಿ ಖರ್ಚು ಕಳೆಯಬೇಕು, ಉಳಿದದ್ದಕ್ಕೆ ತೆರಿಗೆ ಹಾಕಿ ಅದನ್ನು ನಾಲ್ಕು ಕಂತಿನಲ್ಲಿ ಮುಂಗಡ ಕಟ್ಟಬೇಕು. ಆಸ್ಪತ್ರೆ ಅರ್ಧ ತುಂಬುತ್ತಿದ್ದ ವಿಮೆಯ ಕಂತನ್ನೂ ಇನ್ನು ಪೂರ್ತಿ ನಾನೇ ತುಂಬಬೇಕು. ಫಾರಂ ಚಿಕ್ಕದೇ. ನಿರೀಕ್ಷಿತ ಆದಾಯ, ನಿರೀಕ್ಷಿತ ಖರ್ಚು, ಅಂದಾಜಿಗೆ ಆಧಾರ, ಕೆಳಗೆ ಸಹಿ. ಆಧಾರ ಎಂಬಲ್ಲಿ ನಾನು "ಉತ್ತರದ ಕಿಟಕಿ" ಎಂದು ಬರೆದಿದ್ದೆ. ಮಾಮ ಬಹಳ ಹೊತ್ತು ಅದನ್ನೇ ನೋಡಿದರು. ತಮಾಷೆ ಮಾಡಿರಲಿಲ್ಲ ನಾನು. ಬೆಳಕಿದ್ದ ದಿನ ದುಡಿಮೆ, ಇಲ್ಲದ ದಿನ ಇಲ್ಲ, ಚಳಿಗಾಲದಲ್ಲಿ ಮೂರು ಗಂಟೆಗೇ ಬಣ್ಣಗಳು ಸುಳ್ಳು ಹೇಳತೊಡಗುತ್ತವೆ. ವರ್ಷದಲ್ಲಿ ಎಷ್ಟು ಒಳ್ಳೆಯ ಬೆಳಗುಗಳು ಬರಬಹುದು ಎಂದು ಎರಡು ರಾತ್ರಿ ಕೂತು ಲೆಕ್ಕ ಹಾಕಿದ್ದೆ. ಅವರು ರಬ್ಬರ್ ತೆಗೆದುಕೊಂಡು ಮೆಲ್ಲಗೆ ಅಳಿಸಿ, "ಇದು ನಿಜಾನೇ, ಆದ್ರೆ ಕಚೇರಿಗೆ ಅರ್ಥ ಆಗಲ್ಲ" ಎಂದರು.

ಆಮೇಲೆ ಪೆನ್ಸಿಲನ್ನು ಹಾಳೆಯ ಮೇಲಿಟ್ಟು ಸಹಜವಾಗಿ ಕೇಳಿದರು: "ಈಗ ಹೇಳು, ಬರೋ ವರ್ಷ ಎಷ್ಟು ಜನರ ಕಣ್ಣು ಹೋಗತ್ತೆ ಅಂತ ಇಟ್ಕೊಳ್ಳೋಣ?"

ಕೇಳಿದವರೇ ಪೆನ್ಸಿಲ್ ಎತ್ತಿಕೊಂಡುಬಿಟ್ಟರು. ಕೆಳಗೆ ಬೀಗದವನು ಅರ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ, ಪಿಟೀಲು. ಸಂಬಳ ಸಂಬಳದ ಪಾಡಿಗೆ ಬರುತ್ತಿತ್ತು. ಬಂದವರಿಗೆ ಮಾಡಿಕೊಟ್ಟೆ, ಬರದಿದ್ದರೆ ಬಣ್ಣದ ಬಟ್ಟಲು ತೊಳೆದೆ. ಈಗ ಬರಬೇಕಾದವರನ್ನು ಮೊದಲೇ ಎಣಿಸಿ ಬರೆಯಬೇಕು. ಹಿಂದಿನ ಐದು ವರ್ಷದ ರಿಜಿಸ್ಟರು ನೋಡಿದರೆ ವರ್ಷಕ್ಕೆ ಸರಾಸರಿ ನಲವತ್ತನಾಲ್ಕು. ಅಂದರೆ ಈಗ, ಈ ಗುರುವಾರ, ಎರಡು ಕಣ್ಣೂ ನೆಟ್ಟಗಿರುವ ನಲವತ್ತನಾಲ್ಕು ಜನ ಎಲ್ಲೋ ಪೇಪರ್ ಓದುತ್ತಿದ್ದಾರೆ, ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ಬಸ್ಸಿನ ನಂಬರು ನೋಡುತ್ತಿದ್ದಾರೆ. ಅವರು ಹಾಗೇ ಇದ್ದುಬಿಟ್ಟರೆ ನನ್ನ ಲೆಕ್ಕ ತಲೆಕೆಳಗು.

ಅವತ್ತು ಮನೆಗೆ ನಡೆದೇ ಹೋದೆ. ದಾರಿಯಲ್ಲಿ ಸಿಕ್ಕವರ ಮುಖವನ್ನೆಲ್ಲ ನೋಡುತ್ತ ಹೋದೆ, ಇವರೋ, ಅವರೋ ಎಂದು. ಕೊಡೆಯ ಮೊನೆ ಮುಂದೆ ಚಾಚಿ ಓಡುವ ಶಾಲೆಯ ಹುಡುಗಿಯರು, ಗಾಜು ಹೊತ್ತ ಕೈಗಾಡಿಯವನು. ನನ್ನ ಮೇಲೆ ನನಗೇ ಅಸಹ್ಯ ಬಂತು. ಮೂಲೆಯ ಗೇಟು ಬೆಸುಗೆಯವನು ಬರಿಗಣ್ಣಲ್ಲಿ ಕಿಡಿ ಹಾರಿಸುತ್ತ ಕೂತಿದ್ದ. "ಕನ್ನಡಕ ಹಾಕ್ಕೊಳ್ಳಯ್ಯಾ" ಎಂದೆ. "ಹೋಗ್ತಾ ಇರಿ ಅಮ್ಮ, ನಿಮ್ಗ್ಯಾಕೆ" ಎಂದ. ಹತ್ತು ಹೆಜ್ಜೆ ಮುಂದೆ ಹೋದವಳ ತಲೆಗೆ ಹನ್ನೆರಡು ಸಾವಿರ ಎಂದು ಹೊಳೆಯಿತು. ತಿರುಗಿ ಹೋಗಿ ಅಂಗಡಿಯಿಂದ ಒಳ್ಳೆಯ ಕಪ್ಪು ಕನ್ನಡಕ ಕೊಂಡು ತಂದು ಅವನ ಮೂಗಿನ ಮೇಲೆ ನಾನೇ ಕೂರಿಸಿದೆ. ಅದರ ರಸೀದಿಯನ್ನು ವೃತ್ತಿಯ ಖರ್ಚಿಗೆ ಸೇರಿಸಿ ಎಂದರೆ ಮಾಮ ಒಪ್ಪಲಿಲ್ಲ. "ಗಿರಾಕಿ ಬರ್ದೇ ಇರೋ ಹಾಗೆ ಮಾಡೋ ಖರ್ಚನ್ನ ಯಾವ ಕಚೇರಿನೂ ಒಪ್ಪಲ್ಲಮ್ಮ" ಎಂದು ನಕ್ಕು ನಕ್ಕು ಕೆಮ್ಮಿದರು.

ಮಾರನೇ ದಿನ ಮಧ್ಯಾಹ್ನ ಊಟವಾದ ಮೇಲೆ ಆ ಕುರ್ಚಿಯಲ್ಲೇ ಒರಗಿದ್ದೆ, ಜೊಂಪು ಹತ್ತಿತು. ಕನಸಿನಲ್ಲಿ ನಮ್ಮ ಮೆಟ್ಟಿಲ ತುಂಬ ಜನ. ಯಾರ ಮುಖದಲ್ಲೂ ಗಾಬರಿಯಿಲ್ಲ. ಒಬ್ಬೊಬ್ಬರೂ ಬಾಗಿಲಿಗೆ ಬಂದು, ಬಸ್ಸಿನಲ್ಲಿ ಈ ಸೀಟು ಖಾಲಿಯಾ ಎಂದು ಕೇಳುವ ಹಾಗೆ, "ನಾನು ಅಂದಾಜಿನಲ್ಲಿದ್ದೀನಾ?" ಎಂದು ಕೇಳುತ್ತಾರೆ. ನಾನು ಹಾಳೆ ನೋಡಿ ಇಲ್ಲ, ನೀವಿಲ್ಲ, ಮನೆಗೆ ಹೋಗಿ ಎನ್ನುತ್ತೇನೆ. ಅವರು ಥ್ಯಾಂಕ್ಸ್ ಹೇಳಿ ಇಳಿದು ಹೋಗುತ್ತಾರೆ. ಹಾಗೆ ಎಲ್ಲರನ್ನೂ ಕಳಿಸಿದೆ. ಎಷ್ಟು ಹಗುರವಾಗಿತ್ತು ಆಗ! ಕೊನೆಯಲ್ಲಿ ಒಬ್ಬಳು ಹೆಂಗಸು ಮಾತ್ರ ಏನೂ ಕೇಳದೆ, ನನಗೆ ಬೆನ್ನು ಮಾಡಿ, ಕಿಟಕಿಯ ಆಚೆ ನೋಡುತ್ತ ನಿಂತಿದ್ದಳು. ಅವಳ ಭುಜ ಮುಟ್ಟಬೇಕು ಎನ್ನುವಷ್ಟರಲ್ಲಿ ಎಚ್ಚರವಾಯಿತು.

ಅಳೆದೂ ಸುರಿದೂ ಕೊನೆಗೆ ನಲವತ್ತನಾಲ್ಕು ಎಂದೇ ಬರೆದೆವು. ಪ್ರತಿ ಮೂರು ತಿಂಗಳಿಗೆ ಹನ್ನೊಂದು. ಆದಾಯ ಐದು ಲಕ್ಷದ ಇಪ್ಪತ್ತೆಂಟು ಸಾವಿರ. ಬಾಡಿಗೆ, ಬಣ್ಣ, ಹೊಳಪು ಕೊಡುವ ಯಂತ್ರದ ಕಂತು ಎಲ್ಲ ಸೇರಿ ಖರ್ಚು ಒಂದು ಲಕ್ಷದ ಮೂವತ್ತಾರು ಸಾವಿರ. ತೆರಿಗೆ ನಲವತ್ತು, ವಿಮೆ ಮೂವತ್ತಾರು. ಎಲ್ಲ ಕಳೆದು ತಿಂಗಳಿಗೆ ಇಪ್ಪತ್ತಾರು ಸಾವಿರ ಕೈಯಲ್ಲಿ. ಮನೆಗೆ ಬೇಕಾದದ್ದು ಹನ್ನೊಂದು. ಅಂಥ ಹಾಳೆ ನೋಡಿದ್ದರೆ ನೀನು ಆ ಕ್ಷಣವೇ ಪೆಟ್ಟಿಗೆ ಕಟ್ಟುತ್ತಿದ್ದೆ. ಎರಡು ವಾರದ ಹಿಂದಿನ ಮಟ್ಟಿಗೆ ಅದು ನಿಜವಾದ ಹಾಳೆಯೇ ಆಗಿತ್ತು.

ಈಗ ಈ ಕಾಗದದ ಹಿಂದೆ ಇರುವುದು ಆ ಹಾಳೆಯಲ್ಲ.

ಸೋಮವಾರ ಅದನ್ನು ನಿನಗಾಗಿ ಅಂದವಾಗಿ ನಕಲು ಮಾಡುತ್ತ ಕೂತಿದ್ದೆ. ಚಹಾದ ಲೋಟ ತಾವೇ ತೆಗೆದುಕೊಂಡು ಹೋಗಲು ಮಾಮ ಮೇಲೆ ಬಂದರು. ಮೇಜಿನ ಮೇಲೆ ಎರಡು ಹಾಳೆಯಿತ್ತು. ಒಂದು ನಿನಗೆ, ಒಂದು ಕಚೇರಿಗೆ. ಮೂವತ್ತೆಂಟು ವರ್ಷ ಜನರ ಕಳ್ಳ ಲೆಕ್ಕ ಹಿಡಿದವರು, ನಿಂತ ನಿಲುವಿನಲ್ಲೇ ಎರಡನ್ನೂ ಓದಿಬಿಟ್ಟರು. ಕಚೇರಿಯ ಹಾಳೆಯಲ್ಲಿ ಮೊದಲ ಮೂರು ತಿಂಗಳು ಸೊನ್ನೆ, ಆಮೇಲೆ ಆರು, ಎಂಟು, ಹನ್ನೊಂದು. "ಕಚೇರಿಗೆ ಕಮ್ಮಿ ತೋರ್ಸೋರ್ನ ಸಾವಿರ ಜನ ನೋಡಿದ್ದೀನಿ" ಎಂದರು. "ಮಗಳಿಗೆ ಜಾಸ್ತಿ ತೋರ್ಸೋಳ್ನ ಇದೇ ಮೊದಲ್ನೇ ಸಲ ನೋಡ್ತಿರೋದು."

ನನಗೆ ರೇಗಿತು. ನನ್ನ ಮಗಳ ವಿಷಯ ನಿಮಗೆ ಬೇಡ ಎಂದೆ. ಕಚೇರಿಗೂ ದೊಡ್ಡ ಅಂದಾಜನ್ನೇ ಕೊಟ್ಟು ಆ ಪ್ರಕಾರವೇ ಕಂತು ಕಟ್ಟುತ್ತೇನೆ, ಹೆಚ್ಚಿಗೆ ಕಟ್ಟಿದರೆ ಅವರೇನು ಬೇಡ ಅನ್ನುತ್ತಾರಾ ಎಂದೂ ಕೇಳಿದೆ. ನೋಡು ನಿನ್ನಮ್ಮನ ಜಾಣತನ, ಮಾಡದ ಕಣ್ಣುಗಳಿಗೂ ತೆರಿಗೆ ಕಟ್ಟಲು ಹೊರಟಿದ್ದೆ. ಮಾಮ ಬೈಯಲಿಲ್ಲ. ಸಹಿಯ ಜಾಗದ ಮೇಲಿನ ಸಣ್ಣ ಅಕ್ಷರದ ಸಾಲನ್ನು ಪೆನ್ಸಿಲಿನಿಂದ ತೋರಿಸಿದರು. ನನಗೆ ತಿಳಿದ ಮಟ್ಟಿಗೆ ಇದು ನಿಜ ಎಂದಿತ್ತು ಅಲ್ಲಿ. "ಅಂದಾಜು ತಪ್ಪಾದ್ರೆ ಯಾರೂ ಏನೂ ಅನ್ನಲ್ಲ ಕಣಮ್ಮ, ಮಧ್ಯದಲ್ಲಿ ತಿದ್ಬಹುದು. ತಪ್ಪು ಅಂತ ಗೊತ್ತಿದ್ದೂ ಸಹಿ ಹಾಕಿದ್ರೆ ಅದು ಅಂದಾಜೇ ಅಲ್ಲ." ಲೋಟ ತೆಗೆದುಕೊಂಡು ಇಳಿದು ಹೋದರು.

ಮುಖವೇ ನೋಡಿರದ ಒಂದು ಕಚೇರಿಗೆ ನಿಜ ಹೇಳಿ ನಿನಗೆ ಸುಳ್ಳು ಹೇಳಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ನಿನಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು, ಆದರೂ ನಾಚಿಕೆಯಾಯಿತು. ಹಾಗಾಗಿ ಈಗ ಹೇಳುತ್ತೇನೆ. ಬಾಗಿಲ ಬಳಿ ನಿಂತು ಓದುತ್ತಿದ್ದರೆ ಒಳಗೆ ಬಂದು ಕೂತುಕೋ.

ಒಂದು ತಿಂಗಳಿನಿಂದ ನನ್ನ ಎಡಗಣ್ಣಿನ ಅಂಚಿನಲ್ಲಿ ಒಂದು ನೆರಳು ಇತ್ತು. ಯಾರೋ ಪಕ್ಕದಲ್ಲಿ ಬಂದು ನಿಂತ ಹಾಗೆ. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಮೊದಮೊದಲು ಅದು ಹಿತವಾಗಿಯೇ ಇತ್ತು, ನಿನ್ನಪ್ಪ ಎಂದುಕೊಳ್ಳುತ್ತಿದ್ದೆ. ಕೊನೆಗೆ ಆಸ್ಪತ್ರೆಯ ನಮ್ಮ ಡಾಕ್ಟರಿಗೆ ತೋರಿಸಿದೆ. ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಇಪ್ಪತ್ತೆರಡು ವರ್ಷ ಪಕ್ಕದ ಕೋಣೆಯಲ್ಲಿ ಕೂತು ಗೋಡೆಯ ಆಚೆಯಿಂದ ಆ ಸದ್ದು ಕೇಳಿದವಳು ನಾನು. ಸ್ಟೂಲು ಹಿಂದೆ ಸರಿದರೆ ಇನ್ನು ಕೆಲವು ವಾರಕ್ಕೆ ನನಗೆ ಗಿರಾಕಿ ಬರುತ್ತಾರೆ ಎಂದೇ ಅರ್ಥ. ಅವರು ಬಾಯಿ ಬಿಡುವ ಮೊದಲೇ "ಯಾವಾಗ?" ಎಂದು ಕೇಳಿದೆ.

ಗೆಡ್ಡೆ. ಎಡಗಣ್ಣನ್ನು ತೆಗೆಯಲೇಬೇಕು. ಬರುವ ತಿಂಗಳು ಹನ್ನೆರಡನೇ ತಾರೀಖು. ಬೇರೆಲ್ಲೂ ಹರಡಿಲ್ಲ, ಎಲ್ಲ ಪರೀಕ್ಷೆಯೂ ಆಗಿದೆ, ಜೀವಕ್ಕೆ ಏನೂ ಇಲ್ಲ. ಇದನ್ನು ಎರಡು ಸಲ ಓದು: ಜೀವಕ್ಕೆ ಏನೂ ಇಲ್ಲ. ಬಲಗಣ್ಣು ಗಟ್ಟಿಯಾಗಿದೆ. ನಲವತ್ತನಾಲ್ಕು ಜನರಲ್ಲಿ ಒಬ್ಬಳ ತಲೆಯನ್ನು ನಾನು ದಿನಾ ಬೆಳಗ್ಗೆ ಬಾಚುತ್ತಿದ್ದೆ, ಅಷ್ಟೆ.

ಭಯ ಇದೆಯಾ ಎಂದು ಕೇಳುತ್ತೀ. ಇದೆ. ಒಂದು ಕಣ್ಣಿನಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ, ಕುಂಚದ ತುದಿ ಎಲ್ಲಿ ಮುಟ್ಟಿತು ಎಂಬುದು ಕೈಗೆ ಹೊಸದಾಗಿ ಕಲಿಸಬೇಕು. ಆದರೆ ಆ ಕುರ್ಚಿಯಲ್ಲಿ ಕೂತು ಹೋದವರೆಲ್ಲ ಕಲಿತಿದ್ದಾರೆ. ಒಬ್ಬ ದರ್ಜಿ ಆರು ತಿಂಗಳಲ್ಲಿ ಮತ್ತೆ ಕಾಜಾ ಹೊಲಿದ. ಅವನಿಗೆ ಸಾಧ್ಯವಾದದ್ದು ನನಗೆ ಯಾಕಾಗಬಾರದು. ಸೊನ್ನೆ, ಆರು, ಎಂಟು, ಹನ್ನೊಂದು ಎಂಬುದನ್ನು ಸುಮ್ಮನೆ ಗೀಚಿಲ್ಲ. ಮೂರು ತಿಂಗಳು ವಿಶ್ರಾಂತಿ, ಆಮೇಲೆ ತಡವರಿಸುತ್ತ, ಆಮೇಲೆ ನಿಧಾನಕ್ಕೆ, ವರ್ಷದ ಕೊನೆಗೆ ಮೊದಲಿನ ಹಾಗೆ. ಬೆಳಕು ಕೈಕೊಡದಿದ್ದರೆ.

ಒಟ್ಟು ಇಪ್ಪತ್ತೈದು. ಆದಾಯ ಮೂರು ಲಕ್ಷ. ಖರ್ಚು ಒಂದು ಲಕ್ಷದ ಹದಿನೇಳು ಸಾವಿರ, ತೆರಿಗೆ ಆರು, ವಿಮೆ ಮೂವತ್ತಾರು. ಉಳಿಯುವುದು ಒಂದು ಲಕ್ಷದ ನಲವತ್ತೊಂದು ಸಾವಿರ, ಅಂದರೆ ತಿಂಗಳಿಗೆ ಹನ್ನೊಂದು ಮುಕ್ಕಾಲು ಸಾವಿರ. ಮನೆಗೆ ಹನ್ನೊಂದು. ಮುಕ್ಕಾಲು ಸಾವಿರ ಮಿಗುತ್ತದೆ, ಪಿಟೀಲು! ಮಾಮ ಮೂರು ಸಲ ಕೂಡಿ ಕಳೆದು ನೋಡಿದ್ದಾರೆ. ಮೊದಲ ಮೂರು ತಿಂಗಳಿಗೆ ಈವರೆಗಿನ ಕಂಟ್ರಾಕ್ಟಿನಿಂದ ಕೂಡಿಟ್ಟದ್ದು ಸಾಕು. ಆಪರೇಷನ್ ವಿಮೆಯಲ್ಲಿ ಆಗುತ್ತದೆ. ಆಸ್ಪತ್ರೆಯಲ್ಲಿ ನಮ್ಮ ನರ್ಸಕ್ಕ ಇರುತ್ತಾಳೆ, ಮನೆಗೆ ಬಂದ ಮೇಲೂ ಹದಿನೈದು ದಿನ ಜೊತೆಗಿರುತ್ತೇನೆ ಎಂದು ತಾನೇ ಹೇಳಿದ್ದಾಳೆ. ಇಷ್ಟು ದಿನ ಮೇಲಿನಿಂದ ಕೆಳಗೆ ಹೋದ ಚಹಾ ಇನ್ನು ಕೆಳಗಿನಿಂದ ಮೇಲೆ ಬರುತ್ತದಂತೆ.

ಸಾಲುತ್ತದೆ ಎಂದರೆ ಹತ್ತುತ್ತೇನೆ ಎಂದಿದ್ದೀ. ಸಾಲುತ್ತದೆ. ಬಿಗಿಯಾಗಿ, ಆದರೆ ಸಾಲುತ್ತದೆ. ನೀನು ಇಲ್ಲೇ ಉಳಿದರೆ ನನ್ನ ಕಣ್ಣೇನೂ ಉಳಿಯುವುದಿಲ್ಲ, ನಿನ್ನ ಹಡಗು ಮಾತ್ರ ಹೋಗುತ್ತದೆ. ನನ್ನಿಂದ ಹಾಗಾಯಿತು ಎಂಬುದನ್ನು ನುಂಗಿಕೊಂಡು ಬದುಕುವುದು ನನಗೆ ಒಂದು ಕಣ್ಣಿನಲ್ಲಿ ಬದುಕುವುದಕ್ಕಿಂತ ಕಷ್ಟ. ನೀನು ಬೇಡ ಎಂದು ಅಲ್ಲ, ನೀನು ಇರಬೇಕು ಎಂದು ಮನಸ್ಸು ದಿನಕ್ಕೆ ಹತ್ತು ಸಲ ಹೇಳುತ್ತದೆ. ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಹತ್ತು. ಎರಡು ವರ್ಷದ ಮೇಲೆ ಬಂದು, ಸಮುದ್ರ ಎಲ್ಲಿ ಎಷ್ಟು ಬೆರಳು ಆಳ ಎಂದು ನನಗೆ ಕೂಗಿ ಹೇಳು.

ಕಚೇರಿಯ ಫಾರಂಗೆ ಇವತ್ತು ಬೆಳಗ್ಗೆ ಸಹಿ ಹಾಕಿದೆ. ಪೆನ್ನಿನಲ್ಲಿ. ಅದರ ನಕಲೇ ನಿನಗೆ ಕಳಿಸುತ್ತಿರುವುದು, ಅಂಕಿ ಅಂಕಿಯೂ ಒಂದೇ.

ನಿನ್ನನ್ನು ಹೆತ್ತು, ಹೆದರಿ, ಹೆಮ್ಮೆಪಟ್ಟುಕೊಂಡು ಕೂತಿರುವ
ಅಮ್ಮ

ಮರೆತ ಮಾತು: ಇನ್ನೂ ಒಂದಿದೆ. ಮರೆತದ್ದಲ್ಲ, ಕೇಳಲು ಸಂಕೋಚವಾಗಿ ಬಿಟ್ಟದ್ದು. ವರ್ಕ್‌ಶಾಪು ಮುಚ್ಚಿದ ಮೇಲೆ ಈ ಕೆಲಸಕ್ಕೆ ಇಲ್ಲಿ ನಾನೊಬ್ಬಳೇ, ಹಾಗಾಗಿ ನನ್ನ ಕಣ್ಣನ್ನು ನಾನೇ ಬರೆದುಕೊಳ್ಳಬೇಕು, ಅದೂ ಹನ್ನೆರಡರ ಒಳಗೆ, ಎರಡು ಕಣ್ಣಿನ ಕೈ ಇರುವಾಗಲೇ. ನಾಲ್ಕು ದಿನ ಬೆಳಗ್ಗೆ ಕನ್ನಡಿಯ ಎದುರು ಕೂತೆ. ಆಗಲಿಲ್ಲ. ಬರೆದದ್ದನ್ನು ಕಣ್ಣಿನ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು, ನೋಡುವುದೂ ಅದೇ ಕಣ್ಣು. ನಡುವೆ ಅದು ಸುಮ್ಮಸುಮ್ಮನೆ ತುಂಬಿಕೊಳ್ಳುತ್ತದೆ, ಎಲ್ಲ ಬಣ್ಣ ಕಲಸಿ ಹೋಗುತ್ತದೆ. ನಿನ್ನವು ನನ್ನ ಕಣ್ಣೇ, ಕೆಳಗಿನ ಜೇನು ಬಣ್ಣದ ಚುಕ್ಕೆ ಕೂಡ. ಹಡಗು ಹತ್ತುವ ಮೊದಲು ಒಂದು ಬೆಳಗ್ಗೆ ಬಂದು ಮೂರು ಗಂಟೆ ಆ ಕುರ್ಚಿಯಲ್ಲಿ ಕೂರುತ್ತೀಯಾ? ನಿನ್ನನ್ನು ನೋಡಿ ಬರೆದುಕೊಳ್ಳುತ್ತೇನೆ. ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡು, ದಾರಿಯಲ್ಲಿ ಅಳಬೇಡ, ಕೆಂಪಾದ ಕಣ್ಣಿನಿಂದ ಬಣ್ಣ ಎತ್ತಲು ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಆಮೇಲೆ ಇಬ್ಬರೂ ಕೂತು ಎಷ್ಟು ಬೇಕೋ ಅಷ್ಟು ಅಳೋಣ.